ಹಿರಿಯ ಹ್ಯಾಮ್‌ಗಳೇ, ಟವರ್ ಹತ್ತಬೇಡಿ

ಮಳೆಗಾಲ ಮುಗಿಯಿತು ಅಂದರೆ ಕಾಸರಗೋಡಿನ ಹ್ಯಾಮ್ ರೇಡಿಯೋದವರಿಗೆ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರಿಗೆ, ಆಂಟೆನಾ ರಿಪೇರಿಯ ಕಾಲ. ನಾಲ್ಕು ತಿಂಗಳ ಮಳೆ, ಅದರ ಮೇಲೆ ಕಡಲ ಉಪ್ಪುಗಾಳಿ. ಬೋಲ್ಟು, ಟವರ್ ಎಳೆದು ಕಟ್ಟಿದ ತಂತಿ ಎಲ್ಲ ತುಕ್ಕು ಹಿಡಿದಿರುತ್ತವೆ. ಎಪ್ಪತ್ತು ದಾಟಿದವರೂ "ಸೊಂಟಕ್ಕೆ ಬೆಲ್ಟ್ ಇದೆಯಲ್ಲ" ಎಂದು ಏರಿಬಿಡುತ್ತಾರೆ. ಆ ಬೆಲ್ಟಿನ ಮೇಲಿನ ನಂಬಿಕೆ ಕಂಡರೆ ನನಗೆ ದಿಗಿಲು.

10 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಬೇಡ. ಆಗಿನ ವೇಗ ಗಂಟೆಗೆ 50 ಕಿ.ಮೀ. ಸೊಂಟದ ಬೆಲ್ಟ್ ನಡುವೆ ತಡೆದರೂ ಏಟೆಲ್ಲ ಹೊಟ್ಟೆ, ಬೆನ್ನುಮೂಳೆಯ ಮೇಲೆಯೇ. ಅಮೆರಿಕದ ಕೆಲಸದ ಜಾಗಗಳಲ್ಲಿ 1998ರಿಂದ ಬೀಳುವವರನ್ನು ತಡೆಯಲು ಅದನ್ನು ಬಳಸುವಂತಿಲ್ಲ. ಭುಜ, ತೊಡೆ ಸುತ್ತುವ ಪೂರ್ತಿ ಹಾರ್ನೆಸ್ ಬೇಕು. ಅದರಲ್ಲೂ ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ಉಳಿದು ಪ್ರಜ್ಞೆ ತಪ್ಪಬಹುದು. ಬಿಪಿ ಮಾತ್ರೆಯಿಂದ ಕೆಲವರಿಗೆ ತಲೆ ಸುತ್ತುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಸಣ್ಣ ಗಾಯವೂ ಸಣ್ಣದಲ್ಲ.

ಇಷ್ಟಕ್ಕೂ ಹತ್ತಲೇಬೇಕಾ? ಆಂಟೆನಾ ಎತ್ತರ ಇದ್ದಷ್ಟೂ ಒಳ್ಳೆಯದು ಅನ್ನುವುದು ಎಲ್ಲ ಕಡೆ ನಿಜವಲ್ಲ. 144 ಮೆಗಾಹರ್ಟ್ಸ್ ಆವರ್ತನದ ಅಲೆಗಳಿಗೆ ಎತ್ತರ ಬೇಕು, ಒಪ್ಪುತ್ತೇನೆ. 7 ಮೆಗಾಹರ್ಟ್ಸ್‌ನ ಕತೆಯೇ ಬೇರೆ. ಅಲ್ಲಿ ಅಲೆಯ ಉದ್ದ ಸುಮಾರು 42 ಮೀಟರ್. ಅದರ ಸುಮಾರು ಅರ್ಧ, ಒಟ್ಟು 20 ಮೀಟರ್ ಉದ್ದದ ತಂತಿಯ ಆಂಟೆನಾವನ್ನು ನೆಲದಿಂದ ಬರೀ ಐದಾರು ಮೀಟರ್ ಮೇಲೆ ಕಟ್ಟಿದರೆ ಅಲೆಗಳು ಹೆಚ್ಚಾಗಿ ನೆತ್ತಿಯ ಕಡೆಗೇ ಹೋಗುತ್ತವೆ. 200-300 ಕಿ.ಮೀ. ಮೇಲಿನ ಅಯಾನುಗೋಳ, ಅಂದರೆ ವಿದ್ಯುದಾವೇಶದ ಕಣಗಳಿರುವ ಗಾಳಿಯ ಪದರ, ಅವನ್ನು ಬಗ್ಗಿಸಿ ಕೆಳಗೆ ಕಳಿಸುತ್ತದೆ. ಅಂಗಳದಲ್ಲಿ ನಿಂತು ಎಸೆದ ಚೆಂಡು ಮಾಡು ದಾಟಿ ಹಿತ್ತಿಲಲ್ಲಿ ಬಿದ್ದ ಹಾಗೆ, ಮಾತು ಪಶ್ಚಿಮ ಘಟ್ಟವನ್ನು ದಾಟಿ ಮೈಸೂರು, ಬೆಂಗಳೂರಿನಲ್ಲಿ ಇಳಿಯುತ್ತದೆ. ಬೆಟ್ಟ ಅಡ್ಡ ಬರುವುದೇ ಇಲ್ಲ! ಎಷ್ಟು ಚಂದದ ವಿದ್ಯೆ, ಅಲ್ವಾ?

ರೇಡಿಯೋ ಸಂಪರ್ಕಕ್ಕೆ ದಾರಿ ಮಾಡಿದ ಮಾರ್ಕೋನಿಯೂ ಮೊದಲು ದೊಡ್ಡ ಕಂಬಗಳನ್ನೇ ನಂಬಿದ್ದರು. ಇಂಗ್ಲೆಂಡಿನ ಪೋಲ್ಡುವಿನಲ್ಲಿ ಸುಮಾರು 60 ಮೀಟರ್ ಎತ್ತರದ 20 ಕಂಬಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸಿದರು. 1901ರ ಸೆಪ್ಟೆಂಬರಿನ ಬಿರುಗಾಳಿಗೆ ಅವು ಉರುಳಿದವು. ಡಿಸೆಂಬರಿನಲ್ಲಿ, ಈಗ ಕೆನಡಾಕ್ಕೆ ಸೇರಿದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿದರು. ಅಟ್ಲಾಂಟಿಕ್ ಆಚೆಯ ಸಂಕೇತ ಕೇಳಿಸಿತು ಎಂದು ಹೇಳಿದ್ದು ಆ ತಂತಿಯಿಂದಲೇ. ಅದನ್ನು ಮೇಲೇರಿಸಲು ಯಾರೂ ಕಂಬ ಹತ್ತಬೇಕಾಗಲಿಲ್ಲ.

ನಾವೂ ನೆಲದಲ್ಲೇ ನಿಂತು ಈ ಕೆಲಸ ಮಾಡಬಹುದು. ಕಂಬದ ತುದಿಗೆ ರಾಟೆ ಕಟ್ಟಿ, ಅದನ್ನು ನಿಲ್ಲಿಸಿದ ಮೇಲೆ ಹಗ್ಗದಿಂದ ತಂತಿ ಎಳೆದರಾಯಿತು. ತಂತಿಯ ಎರಡು ತುದಿಗಳೂ ಕೈಗೆ ಸಿಗದಷ್ಟು ಮೇಲಿರಲಿ. ಮಾತಾಡುವಾಗ ಅಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತದೆ.

ಈಗಾಗಲೇ ಟವರ್ ಇದ್ದರೆ ಟವರ್ ಕೆಲಸದ ತರಬೇತಿ ಇರುವವರನ್ನೇ ಕರೆಯಿರಿ. ಅಡಿಕೆ ಕೊಯ್ಯುವವರನ್ನು ಹತ್ತಿಸಬೇಡಿ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಮರ ಏರುವ ಕೈಚಳಕ ತುಕ್ಕು ಹಿಡಿದ ಕಬ್ಬಿಣದ ಮೇಲೆ ಕೆಲಸಕ್ಕೆ ಬಾರದು.

ಇನ್ನು ಅಡಿಕೆ ಕೊಯ್ಯುವ ಉದ್ದನೆಯ ದೋಟಿಯನ್ನೇ ಆಂಟೆನಾ ಕಂಬ ಮಾಡುವ ವಿಚಾರ. ಅಲ್ಯೂಮಿನಿಯಂ ದೋಟಿ ಕರೆಂಟ್ ಲೈನಿಗೆ ತಾಗಿದರೆ ಏನಾಗುತ್ತದೆ ಎಂದು ತೋಟದವರಿಗೆ ಗೊತ್ತು. ಕಾರ್ಬನ್ ಫೈಬರ್ ಲೋಹವಲ್ಲ, ಹಾಗಾಗಿ ಭಯವಿಲ್ಲ ಎಂದು ಕೆಲವರು ಅಂದುಕೊಳ್ಳುತ್ತಾರೆ. ತಪ್ಪು, ಅದರಲ್ಲೂ ವಿದ್ಯುತ್ ಹರಿಯುತ್ತದೆ. ಆಂಟೆನಾ ಕಂಬಕ್ಕೆ ಎರಡೂ ಬೇಡ, ಫೈಬರ್ ಗ್ಲಾಸ್ ತನ್ನಿ. ಅದನ್ನೂ ಯಾವ ಕಡೆಗೆ ಬಿದ್ದರೂ ಲೈನಿಗೆ ತಾಗದಷ್ಟು ದೂರದಲ್ಲಿ ನಿಲ್ಲಿಸಿ. ಜೊತೆಗೆ ಇನ್ನೊಬ್ಬರು ಇದ್ದಾಗ ಮಾತ್ರ.