ಬೆಳಕು ಬಿದ್ದಾಗ ಹರಳಿನೊಳಗೆ ಆಗೋದನ್ನು ನೋಡೋದು ಹೇಗೆ?

ಪ್ರಶ್ನೆ: ಬೆಳಕು ತಾಗಿದ ಕೂಡಲೇ ಹರಳಿನೊಳಗಿನ ಅಣುಗಳು ಕದಲುವುದನ್ನು ವಿಜ್ಞಾನಿಗಳು ಸಿನಿಮಾ ಮಾಡಿದ್ದಾರೆ ಅಂತ ಓದಿದೆ. ಅಷ್ಟು ವೇಗದ ಕ್ಯಾಮೆರಾ ನಿಜವಾಗಿಯೂ ಇದೆಯಾ?

ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಬಳಿ ಎಲ್‌ಸಿಎಲ್‌ಎಸ್ ಎಂಬ ಎಕ್ಸ್-ರೇ ಲೇಸರ್ ಇದೆ. ಈ ಬಗೆಯ ಹೆಸರಾಂತ ಪ್ರಯೋಗಗಳು ನಡೆದದ್ದು ಅಲ್ಲಿ. ಆಗ ಅದು ಸೆಕೆಂಡಿಗೆ ಹಾಯಿಸುತ್ತಿದ್ದದ್ದು 120 ಎಕ್ಸ್-ರೇ ಹೊಡೆತ, ಅಂದರೆ ಹೆಚ್ಚೆಂದರೆ ಅಷ್ಟೇ ಚಿತ್ರ. ಈಗಿನ ಮೊಬೈಲಿನ ಸ್ಲೋ-ಮೋಷನ್ ಇದಕ್ಕಿಂತ ಜಾಸ್ತಿ ತೆಗೆಯುತ್ತದೆ! ವೇಗ ಇರೋದು ಕ್ಯಾಮೆರಾದಲ್ಲಿ ಅಲ್ಲ, ಫ್ಲ್ಯಾಶ್‌ನಲ್ಲಿ. ಒಂದೊಂದು ಹೊಡೆತ ಉಳಿಯೋದು ಹತ್ತಾರು ಫೆಮ್ಟೋಸೆಕೆಂಡ್ ಮಾತ್ರ. 1ರ ಮುಂದೆ 15 ಸೊನ್ನೆ ಹಾಕಿದರೆ ಎಷ್ಟೋ, ಒಂದು ಸೆಕೆಂಡಿನಲ್ಲಿ ಅಷ್ಟು ಫೆಮ್ಟೋಸೆಕೆಂಡ್‌ಗಳಿವೆ. ಒಂದು ಫೆಮ್ಟೋಸೆಕೆಂಡಿನಲ್ಲಿ ಬೆಳಕೇ ಸಾಗೋದು 0.3 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್).

ಒಂದು ಉದಾಹರಣೆ ಹಿಡಿದು ನೋಡೋಣ. ಉಪ್ಪು ಜಾಸ್ತಿ ಇರುವ ನೀರಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಇದೆ. ನೀಲಿ ಬೆಳಕು ಕಂಡರೆ ದೂರ ಈಜುತ್ತದೆ. ಅದರಲ್ಲಿ ಪಿವೈಪಿ ಎಂಬ ಹಳದಿ ಪ್ರೋಟೀನ್ ಇದೆ, ಅದರ ಹೊಟ್ಟೆಯೊಳಗೆ ಕೂಮಾರಿಕ್ ಆಮ್ಲದ ಪುಟ್ಟ ತುಂಡೊಂದು ಕೂತಿದೆ. ನೀಲಿ ಬೆಳಕು ತಾಗಿದರೆ ಆ ತುಂಡು ತನ್ನ ಒಂದು ಡಬಲ್ ಬಾಂಡ್ (ಎರಡು ಪರಮಾಣುಗಳ ನಡುವಿನ ಜೋಡಿ ಬಂಧ) ಸುತ್ತ ತಿರುಚಿಕೊಳ್ಳುತ್ತದೆ. ಈ ತಿರುಚಾಟ ಸುಮಾರು 550 ಫೆಮ್ಟೋಸೆಕೆಂಡ್ ಹೊತ್ತಿಗೆ ಆಗುತ್ತದೆ ಅಂತ 2016ರಲ್ಲಿ ಮಾರಿಯಸ್ ಶ್ಮಿಟ್ ಅವರ ತಂಡ ಎಲ್‌ಸಿಎಲ್‌ಎಸ್‌ನಲ್ಲಿ ತೋರಿಸಿತು.

ಮಾಡಿದ್ದು ಹೀಗೆ. ಕೆಲವೇ ಮೈಕ್ರಾನ್ ಗಾತ್ರದ ಹರಳುಗಳನ್ನು ದ್ರವದಲ್ಲಿ ಕಲಸಿ, ಕೂದಲಿಗಿಂತ ತೆಳುವಾದ ಧಾರೆಯಾಗಿ ಚಿಮ್ಮಿಸುತ್ತಾರೆ. ಮೊದಲು ನೀಲಿ ಲೇಸರ್ ಹೊಡೆತ, ಹಿಂದೆಯೇ ಎಕ್ಸ್-ರೇ ಹೊಡೆತ. ಎಕ್ಸ್-ರೇ ಎಷ್ಟು ಜೋರು ಅಂದರೆ ಹರಳು ಅಲ್ಲೇ ಚಿಂದಿ. ಆದರೆ ಅಣುಗಳು ಚೆದುರುವುದಕ್ಕೆ ಮುಂಚೆಯೇ ಕಿರಣ ದಾಟಿ ಹೋಗಿ, ಡಿಟೆಕ್ಟರ್ ಮೇಲೆ ಚುಕ್ಕೆಗಳ ಚಿತ್ತಾರ ಬಿಟ್ಟಿರುತ್ತದೆ. ಪರಮಾಣುಗಳು ಎಲ್ಲೆಲ್ಲಿವೆ ಅನ್ನೋದನ್ನು ಆ ಚುಕ್ಕೆಗಳಿಂದ ಲೆಕ್ಕ ಹಾಕಿ ತೆಗೆಯಬೇಕು. ಒಂದೇ ಅಣು ಕೊಡುವ ಸುಳಿವು ಇದಕ್ಕೆ ಸಾಲದು. ಒಂದೇ ಥರ ಸಾಲಾಗಿ ನಿಂತ ಕೋಟಿಗಟ್ಟಲೆ ಅಣುಗಳು ಬೇಕು, ಹರಳೇ ಆಗಬೇಕು ಅನ್ನೋದು ಅದಕ್ಕೇ.

ಹಾಗಾದರೆ ಸಿನಿಮಾ? ಸಾವಿರಾರು ಮದುವೆಗಳಿಗೆ ಹೋಗಿ, ಒಂದೊಂದರಲ್ಲಿ ಒಂದೇ ಫೋಟೋ ತೆಗೆದು, ಗಟ್ಟಿಮೇಳ ಶುರುವಾಗಿ ಎಷ್ಟು ಹೊತ್ತಿಗೆ ತೆಗೆದದ್ದು ಅಂತ ನೋಡಿ ಸಾಲಾಗಿ ಜೋಡಿಸಿದ ಹಾಗೆ. ತಾಳಿ ಕಟ್ಟುವುದು ಪೂರ್ತಿ ಕಾಣುತ್ತದೆ. ಆದರೆ ಅದು ಯಾವ ಒಬ್ಬ ಮದುಮಗನ ಸಿನಿಮಾನೂ ಅಲ್ಲ. ಅದಕ್ಕೇ ನನಗೆ ಈ 'ಅಣುಗಳ ಸಿನಿಮಾ' ಅನ್ನೋ ಮಾತು ಕೇಳಿದಾಗ ಸ್ವಲ್ಪ ಕಸಿವಿಸಿ.

ಎರಡು ಹೊಡೆತಗಳ ನಡುವಿನ ಅಂತರ ಹೊಂದಿಸೋದು ಹೇಗೆ? ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾದ ಉಪಾಯ, ಕನ್ನಡಿ ಸರಿಸಿ ಲೇಸರ್‌ನ ದಾರಿಯನ್ನು ಉದ್ದ ಅಥವಾ ಗಿಡ್ಡ ಮಾಡೋದು. ದಾರಿ 0.3 ಮಿಲಿಮೀಟರ್ ಬದಲಾದರೆ 1000 ಫೆಮ್ಟೋಸೆಕೆಂಡ್ ವ್ಯತ್ಯಾಸ. ಆದರೂ ಎಕ್ಸ್-ರೇ ಹೇಳಿದ ಹೊತ್ತಿಗೆ ಸರಿಯಾಗಿ ಬರೋದಿಲ್ಲ, ಆಚೀಚೆ ಆಗುತ್ತದೆ. ಅದನ್ನು ತಡೆಯೋದು ಕಷ್ಟ ಅಂತ, ಪ್ರತಿ ಹೊಡೆತ ನಿಜವಾಗಿ ಯಾವಾಗ ಬಂತು ಅಂತ ಬೇರೆಯಾಗಿ ಅಳೆದು ಚಿತ್ರಗಳನ್ನು ಆಮೇಲೆ ವಿಂಗಡಿಸುತ್ತಾರೆ. ಎಷ್ಟು ಸರಳ, ಎಷ್ಟು ಜಾಣ, ಅಲ್ವಾ?

ಇನ್ನೊಂದು ತೊಡಕಿದೆ. ಹರಳಿನ ಅಣುಗಳೆಲ್ಲ ಬೆಳಕಿಗೆ ಓಗೊಡೋದಿಲ್ಲ. ಬಹಳಷ್ಟು ಸುಮ್ನೆ ಕೂತಿರುತ್ತವೆ. ಹಾಗಾಗಿ ಬೆಳಕು ಬಿದ್ದ ಹರಳುಗಳ ಲೆಕ್ಕದಿಂದ ಕತ್ತಲೆಯ ಹರಳುಗಳ ಲೆಕ್ಕ ಕಳೆಯುತ್ತಾರೆ. ಉಳಿದದ್ದೇ ಬದಲಾವಣೆ. ಪರಮಾಣು ಬಿಟ್ಟುಹೋದ ಜಾಗ ಒಂದು ಬಣ್ಣದಲ್ಲಿ, ಹೊಸದಾಗಿ ಬಂದು ಕೂತ ಜಾಗ ಇನ್ನೊಂದು ಬಣ್ಣದಲ್ಲಿ ಮೂಡುತ್ತದೆ.

ಲೇಸರ್ ಜೋರು ಮಾಡಿದರೆ ಜಾಸ್ತಿ ಅಣುಗಳು ಕದಲುತ್ತವಲ್ಲ? ಕದಲುತ್ತವೆ, ಜಗಳ ಶುರುವಾಗೋದೂ ಅಲ್ಲೇ. ಬಿಸಿಲಿನಲ್ಲಿ ಒಂದು ಅಣುವಿಗೆ ಸಿಗೋದು ಒಂದೊಂದೇ ಫೋಟಾನ್, ಅಂದರೆ ಬೆಳಕಿನ ಕಣ. ಲೇಸರ್ ಅತಿಯಾದರೆ ಒಂದೇ ಅಣು ಒಟ್ಟಿಗೆ ಎರಡು ಮೂರು ನುಂಗಿಬಿಡುತ್ತದೆ, ಪ್ರಕೃತಿಯಲ್ಲಿ ಆಗದ ಚಲನೆ ತೋರಿಸುತ್ತದೆ. 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ, ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನಿನ ಅಧ್ಯಯನ ಇದನ್ನೇ ಎತ್ತಿ ತೋರಿಸಿತು: ಲೇಸರ್‌ನ ಜೋರು ಬದಲಾದರೆ ಪ್ರೋಟೀನಿನ ಚಲನೆಯೂ ಬದಲಾಗುತ್ತದೆ. ಹಳೆಯ ಕೆಲವು ಫಲಿತಾಂಶಗಳನ್ನು ಈ ಕಣ್ಣಿನಿಂದ ಮತ್ತೆ ನೋಡಬೇಕು ಅಂತ ನನಗನ್ನಿಸುತ್ತದೆ.

ಅಂದಹಾಗೆ, ಬೆಳಕಿಗೆ ಬದಲಾಗುವ ಹರಳುಗಳ ವಿಷಯದಲ್ಲಿ ಬೆಂಗಳೂರಿಗೂ ಹಳೆಯ ನಂಟಿದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ವೆಂಕಟೇಶನ್ ಮತ್ತು ವಿ. ರಾಮಮೂರ್ತಿ ಕೂಮರಿನ್ ಎಂಬ ಸಾವಯವ ವಸ್ತುವಿನ ಬಗೆಬಗೆಯ ಹರಳುಗಳ ಮೇಲೆ ಬೆಳಕು ಬಿಟ್ಟು, ಅಕ್ಕಪಕ್ಕದ ಅಣುಗಳು ಯಾವಾಗ ಜೋಡಿಯಾಗುತ್ತವೆ ಅಂತ ಅಧ್ಯಯನ ಮಾಡಿದ್ದರು. ಡಬಲ್ ಬಾಂಡ್‌ಗಳು ಒಂದಕ್ಕೊಂದು ಸಮಾನಾಂತರವಾಗಿ, ಹತ್ತಿರ ಹತ್ತಿರ ಇರಬೇಕು ಅನ್ನೋದು ಆಗಿನ ನಿಯಮ. ಇವರ ಕೆಲವು ಹರಳುಗಳಲ್ಲಿ ಅವು ಓರೆಯಾಗಿದ್ದವು, ಆದರೂ ಜೋಡಿಯಾದವು. ಆಗ ಅವರ ಕೈಲಿದ್ದದ್ದು 'ಮೊದಲು' ಮತ್ತು 'ಆಮೇಲೆ' ಅನ್ನೋ ಎರಡು ಚಿತ್ರ. ನಡುವೆ ಆ ಓರೆ ಅಣುಗಳು ಹೇಗೆ ತಿರುಗಿಕೊಂಡವು ಅನ್ನೋದನ್ನು ಊಹಿಸಿಯೇ ಹೇಳಬೇಕಿತ್ತು.