ಕ್ರಿಸ್‌ಮಸ್ ಪೇಟೆಗೆ ಎರಡು ವರ್ಷದ ಮಗು ಜೊತೆಗಿದ್ದರೆ

ಡಿಸೆಂಬರ್ 23, 24ರಂದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಹಬ್ಬದ ಸಾಮಾನಿಗೆಂದು ಶಿವಮೊಗ್ಗಕ್ಕೆ ಬರುವವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮಕ್ಕಳಿಗೆ ಹೊಸ ಬಟ್ಟೆ, ಶೂ, ಮನೆಗೆ ನಕ್ಷತ್ರ, ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ದೀಪದ ಸರ, ಕುಸ್ವಾರ್ ಎಂಬ ಹಬ್ಬದ ತಿಂಡಿಗಳಿಗೆ ಮೈದಾ, ತುಪ್ಪ, ದ್ರಾಕ್ಷಿ, ಕೇಕು, ಒಂದಿಷ್ಟು ಉಡುಗೊರೆ. ಇದರಲ್ಲಿ ಮಗು ಎದುರಿಗೇ ಇರಬೇಕಾದ ಖರೀದಿ ಎಷ್ಟು? ಲೆಕ್ಕ ಹಾಕಿದರೆ ಶೂ ಒಂದೇ. ಮನೆಯಲ್ಲಿ ಹತ್ತು ನಿಮಿಷ ಅಳತೆಗೆ ಕೊಟ್ಟರೆ ಅದಕ್ಕೂ ಬೇಕಿಲ್ಲ.

ಹಳೆಯ ಲಗ್ನಪತ್ರಿಕೆಯ ರಟ್ಟು ಸಾಕು. ಸಂಜೆ ಹೊತ್ತು, ಕಾಲುಚೀಲ ಹಾಕಿಸಿ, ಮಗುವನ್ನು ಅದರ ಮೇಲೆ ನಿಲ್ಲಿಸಿ. ಮಲಗಿದ ಮಗುವಿನ ಪಾದ ಅಳೆದರೆ ಚಿಕ್ಕದು ಬರುತ್ತದೆ, ಏಕೆಂದರೆ ಮೈಭಾರ ಬಿದ್ದಾಗಲೇ ಪಾದ ಹರಡುವುದು. ಪೆನ್ಸಿಲ್ ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆಯಿರಿ. ದೊಡ್ಡದಾಗಿ ಬಂದ ಪಾದದ ಅತಿ ಉದ್ದದ ಬೆರಳಿನ ಮುಂದೆ 1 ಸೆಂ.ಮೀ. ಬಿಟ್ಟು ರಟ್ಟು ಕತ್ತರಿಸಿ. ಅಂಗಡಿಯಲ್ಲಿ ಅದನ್ನು ಶೂ ಒಳಗೆ ತೂರಿಸಿ ನೋಡಿ. ರಟ್ಟು ಸಪಾಟಾಗಿ ಕೂತರೆ ಅಳತೆ ಸರಿ, ಅಂಚು ಮೇಲಕ್ಕೆ ಮಡಚಿಕೊಂಡರೆ ಶೂ ಬಿಗಿ. ಶೂ ಮೇಲಿನ ನಂಬರನ್ನು ನಂಬಬೇಡಿ, ಅದು ಕಂಪನಿಗೊಂದು ಥರ.

ಬಟ್ಟೆಗೂ ಇದೇ ಉಪಾಯ. ಈಗ ಸರಿಯಾಗಿ ಆಗುತ್ತಿರುವ ಒಂದು ಅಂಗಿಯನ್ನು ಚೀಲದಲ್ಲಿ ಒಯ್ದು ಹೊಸದರ ಮೇಲೆ ಹಾಸಿ ನೋಡಿ. ಕಂಕುಳಿಂದ ಕಂಕುಳಿಗೆ ಎರಡು ಬೆರಳಿನಷ್ಟು ಹೆಚ್ಚಿರಲಿ. ‘18–24 ತಿಂಗಳು’ ಎಂಬ ಚೀಟಿಗಿಂತ ಈ ಹಾಸಿ ನೋಡುವುದೇ ಮೇಲು. ತಾಯಂದಿರು ನೋಡಲು ಮರೆಯುವುದು ಕುತ್ತಿಗೆಯನ್ನು. ಎರಡು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 48 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಎದೆಯಷ್ಟೇ. ಬೆನ್ನಿಗೆ ಗುಂಡಿಯೋ ಜಿಪ್ಪೋ ಇಲ್ಲದ ಅಂಗಿ ತಲೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಹಬ್ಬದ ರಾತ್ರಿಯ ಅಳು ಶುರುವಾಗುವುದೇ ಅಲ್ಲಿಂದ. ನೆಟ್ ಫ್ರಾಕ್ ಆದರೆ ಒಳಗಿನ ಹೊಲಿಗೆಯನ್ನು ನಿಮ್ಮ ಗಂಟಲಿಗೆ ಉಜ್ಜಿ ನೋಡಿ. ಚುಚ್ಚಿದರೆ ಹತ್ತಿ ಲಂಗ ಒಳಗೆ ಹಾಕಲೇಬೇಕು. ಗೋದಲಿಯ ಮುಂದೆ ಮೇಣದ ಬತ್ತಿ ಹಚ್ಚುವ ಮನೆಯಾದರೆ ಅಂಥ ಫ್ರಾಕ್ ಬೇಡವೇ ಬೇಡ. ನೈಲಾನ್ ನೆಟ್‌ಗೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. 24ರ ರಾತ್ರಿ ಚರ್ಚಿನಲ್ಲಿ ನಡೆಯುವ ಬಲಿಪೂಜೆಗೆ ಮಲೆನಾಡಿನ ಚಳಿಯಲ್ಲಿ ಒಂದು ದಪ್ಪ ಸ್ವೆಟರ್‌ಗಿಂತ ಎರಡು ತೆಳು ಪದರ ವಾಸಿ. ಕುತ್ತಿಗೆ ಹತ್ತಿರ ದಾರ ಜೋತಾಡುವ ಟೋಪಿ ಸ್ವೆಟರ್ ತೆಗೆದುಕೊಂಡರೆ ದಾರವನ್ನು ಎಳೆದು ಬಿಸಾಡಿ.

ಇಷ್ಟಾದರೂ ಮಗುವನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲದಿರಬಹುದು. ಆಗ ಪೇಟೆಯ ಹೊತ್ತನ್ನು ಮಗುವಿನ ನಿದ್ದೆ ನಿರ್ಧರಿಸಬೇಕು. ಈ ವಯಸ್ಸಿನ ಹೆಚ್ಚಿನ ಮಕ್ಕಳು ಮಧ್ಯಾಹ್ನ ಊಟವಾಗುತ್ತಲೇ ಮಲಗುತ್ತವೆ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಶುರು ಮಾಡಿ, ಹನ್ನೊಂದೂವರೆಗೆ ಮುಗಿಸಿ, ಹನ್ನೆರಡಕ್ಕೆ ಊಟ ಮಾಡಿಸಿ, ವಾಪಸ್ ಬಸ್ಸಿನಲ್ಲಿ ಮಲಗಿಸಿ. ಒಂದೂವರೆ ಗಂಟೆಯ ಕೆಲಸ, ಅದರಾಚೆ ಎಳೆಯಬೇಡಿ. ಸಂಜೆ ಐದರ ಮೇಲೆ ಗಾಂಧಿ ಬಜಾರಿಗೆ ಮಗುವನ್ನು ಕರೆದೊಯ್ಯುವುದೆಂದರೆ ಜನಜಂಗುಳಿ, ದಣಿವು, ಹಸಿವು, ಇಳಿಯುವ ಚಳಿ ನಾಲ್ಕನ್ನೂ ಒಟ್ಟಿಗೆ ಅದರ ಮೇಲೆ ಹೇರಿದಂತೆ. ತೀರ್ಥಹಳ್ಳಿಯಿಂದ ಸುಮಾರು 60 ಕಿ.ಮೀ. ತಿರುವಿನ ದಾರಿ. ಹೊರಡುವ ಒಂದು ಗಂಟೆ ಮೊದಲು ಒಂದು ಇಡ್ಲಿ ಸಾಕು, ಲೋಟ ತುಂಬ ಹಾಲು ಕುಡಿಸಿ ಬಸ್ ಹತ್ತಿಸಿದರೆ ವಾಂತಿ ಖಂಡಿತ.

ದೊಡ್ಡವರು ಇಬ್ಬರಿದ್ದರೆ ಒಬ್ಬರ ಕೈಗೆ ಪಟ್ಟಿ, ಇನ್ನೊಬ್ಬರ ಕೈಗೆ ಮಗು. ಇಬ್ಬರೂ ಎರಡನ್ನೂ ಮಾಡಹೊರಟರೆ ಎರಡೂ ಕೆಡುತ್ತದೆ. ದುರ್ಗಿಗುಡಿ, ನೆಹರೂ ರಸ್ತೆಯಲ್ಲಿ ಒಬ್ಬರು ಓಡಾಡುವಾಗ ಇನ್ನೊಬ್ಬರು ಮಗುವಿನೊಂದಿಗೆ ಗಾಂಧಿ ಪಾರ್ಕಿನಲ್ಲಿರಬಹುದು. ಮಗುವಿಗಾಗಿ ಒಂದೇ ಅಂಗಡಿ ಮೀಸಲಿಡಿ. ಅಲ್ಲೂ ಎರಡೇ ವಸ್ತು ಎದುರಿಗಿಟ್ಟು ‘ಕೆಂಪು ಬೇಕಾ, ಹಳದಿ ಬೇಕಾ’ ಅಂತ ಕೇಳಿ. ಇಡೀ ಗೋಡೆ ತುಂಬಿದ ಆಟಿಕೆ ತೋರಿಸಿ ‘ಯಾವುದು ಬೇಕೋ ತಗೋ ಮರಿ’ ಅಂದರೆ ಅದಕ್ಕೆ ಆರಿಸಲು ಬರುವುದಿಲ್ಲ, ಎಲ್ಲವೂ ಬೇಕು.

ತಳ್ಳುಗಾಡಿ ನಮ್ಮ ಚರಂಡಿ ಕಲ್ಲಿನ ಮೇಲೆ ಸಾಗದು. ಎರಡು ವರ್ಷದ ಮಗು 11–12 ಕಿಲೋ ತೂಗುತ್ತದೆ, ಸೊಂಟದ ಮೇಲೆ ಬಹಳ ಹೊತ್ತು ಹೊರಲಾಗದು, ಎದೆಗೋ ಬೆನ್ನಿಗೋ ಕಟ್ಟುವ ಬೆಲ್ಟು ಒಳ್ಳೆಯದು. ನಡೆಸುವುದಾದರೆ ಬೆರಳಲ್ಲ, ಮಣಿಕಟ್ಟು ಹಿಡಿಯಿರಿ. ಆ ಕೈಯಲ್ಲಿ ಚೀಲ ಇರಬಾರದು. ಬೈಕಿನಲ್ಲಿ ಬರುವವರಿಗೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ಸವಾರರಿಗೆ ಬಿಗಿಯುವ ಸುರಕ್ಷತಾ ಬೆಲ್ಟು, ಗಂಟೆಗೆ 40 ಕಿ.ಮೀ. ಮೀರದ ವೇಗ ಎಂದು 2022ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಮುಂದೆ ನಿಲ್ಲಿಸಿಕೊಂಡು, ಹ್ಯಾಂಡಲ್‌ಗೆ ಎರಡು ಕೈಚೀಲ ಸಿಕ್ಕಿಸಿಕೊಂಡು ಬರುವುದು ಇದಕ್ಕೆ ಪೂರ್ತಿ ಉಲ್ಟಾ.

ರಚ್ಚೆ ಹಿಡಿದರೆ ಮೊದಲು ಮೈ ಮುಟ್ಟಿ ನೋಡಿ. ಬೆಳಿಗ್ಗೆ ಇಬ್ಬನಿಯಲ್ಲಿ ಹಾಕಿದ ಸ್ವೆಟರ್ ಜನ ತುಂಬಿದ ಅಂಗಡಿಯಲ್ಲಿ ಬೆವರು ಹರಿಸುತ್ತಿರುತ್ತದೆ, ಅದನ್ನು ಬಿಚ್ಚಿದರೇ ಅರ್ಧ ಅಳು ನಿಂತೀತು. ಆಮೇಲೆ ಹಸಿವು, ಉಚ್ಚೆ, ನಿದ್ದೆ. ಪುಟ್ಟಬಾಳೆ ಎರಡು ಚೀಲದಲ್ಲಿರಲಿ. ಯಾವುದೂ ಅಲ್ಲವಾದರೆ ಎತ್ತಿಕೊಂಡು ಹೊರಗೆ ಬಂದು ಸುಮ್ಮನೆ ಪಕ್ಕದಲ್ಲಿ ಕೂತಿರಿ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅತ್ತಿದ್ದಕ್ಕೆಂದು ಕೇಳಿದ್ದನ್ನು ಕೊಡಿಸಿದರೆ ಮುಂದಿನ ಅಂಗಡಿಯಲ್ಲಿ ಅಳು ಇನ್ನೂ ದೊಡ್ಡದಾಗುತ್ತದೆ. ‘ಪೊಲೀಸ್ ಬರ್ತಾನೆ, ಹಿಡ್ಕೊಂಡು ಹೋಗ್ತಾನೆ’ ಎಂಬ ಹೆದರಿಕೆಯಂತೂ ಬೇಡ. ಜಂಗುಳಿಯಲ್ಲಿ ಮಗು ಕೈತಪ್ಪಿದರೆ ಎತ್ತಿಕೊಳ್ಳಲು ಬರುವವರು ಅದೇ ಪೊಲೀಸರು, ಅವರನ್ನು ಕಂಡು ಅದು ಓಡಬಾರದು. ಮನೆ ಬಿಡುವಾಗಲೇ ಮಗು ತೊಟ್ಟ ಬಟ್ಟೆಯಲ್ಲಿ ಒಂದು ಫೋಟೊ ತೆಗೆದಿಡಿ, ತೋಳಿಗೆ ನಿಮ್ಮ ಫೋನ್ ನಂಬರ್ ಬರೆಯಿರಿ. ಕಾಣದಾದರೆ ಕೂಡಲೇ 112. ಹತ್ತಿಯ ಗಡ್ಡದ ಸಾಂತಾ ಎದುರಾದರೆ ದೂರದಿಂದ ಕೈಬೀಸಿಸಿ ಸಾಕು, ಫೋಟೊಗಾಗಿ ತೊಡೆ ಮೇಲೆ ಕೂರಿಸಿದರೆ ಬಹಳಷ್ಟು ಮಕ್ಕಳು ಬೆದರುತ್ತವೆ.

ಕೊನೇ ಗಳಿಗೆಯ ಆತುರದಲ್ಲಿ ನಿಜವಾದ ಅಪಾಯ ಹೊಕ್ಕುವುದು ಉಡುಗೊರೆಯಲ್ಲಿ. ಆಟಿಕೆಗೆ ಐಎಸ್ಐ ಗುರುತು 2021ರ ಜನವರಿಯಿಂದ ಕಡ್ಡಾಯ. ಮೂರು ವರ್ಷದೊಳಗಿನವರಿಗೆ ಕೊಳ್ಳುವ ಆಟಿಕೆಯ ಯಾವ ಭಾಗವೂ ಸುಮಾರು 3.2 ಸೆಂ.ಮೀ. ಅಗಲದ ಕೊಳವೆಯೊಳಗೆ ಹೋಗುವಷ್ಟು ಚಿಕ್ಕದಿರಬಾರದು. ಅದಕ್ಕಿಂತ ಹೆಚ್ಚಾಗಿ ನೋಡಬೇಕಾದ್ದು ಗುಂಡಿ ಸೆಲ್ಲು, ಅಂದರೆ ಅಂಗಿಯ ಗುಂಡಿಯಂಥ ಚಪ್ಪಟೆ ಬ್ಯಾಟರಿ. ಮಿನುಗುವ ಸಾಂತಾ ಟೋಪಿ, ಹಾಡುವ ಕಾರ್ಡು, ಬ್ಯಾಟರಿ ಮೇಣದ ಬತ್ತಿ, ಎಲ್ಲದರಲ್ಲೂ ಅದಿರಬಹುದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದೆ ಉಗುರಿನಿಂದಲೇ ತೆರೆಯುವಂತಿದ್ದರೆ ಅಲ್ಲೇ ವಾಪಸ್ ಇಡಿ. ನುಂಗಿದ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೇ ಸುಟ್ಟ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ಎಕ್ಸ್-ರೇ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ವರ್ಷ ತುಂಬಿದ ಮಗು ನುಂಗಬಲ್ಲದಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು, ಒಟ್ಟು ಆರು ಸಲ ಮೀರದಂತೆ. ಮಲೆನಾಡಿನ ಮನೆಗಳಲ್ಲಿ ಜೇನಿಗೆ ಬರವಿಲ್ಲ, ಆದರೆ ಅದನ್ನು ಹುಡುಕುತ್ತ ಹೊರಡುವುದನ್ನು ತಡಮಾಡಬೇಡಿ.

ತಿಂಡಿಯ ವಿಷಯಕ್ಕೆ ಬಂದರೆ, ಗಟ್ಟಿ ಕುಲ್‌ಕುಲ್ (ಮೈದಾದ ಕರಿದ ಸಿಹಿ ತಿಂಡಿ), ಇಡೀ ಬಾದಾಮಿ, ಗೋಡಂಬಿ, ಕಡಲೆಬೀಜ ನಾಲ್ಕು ವರ್ಷದೊಳಗಿನವರ ಕೈಗೆ ಬೇಡ. ಕುಟ್ಟಿ ಪುಡಿ ಮಾಡಿ ಕೊಡಬಹುದು. ರಮ್ ಹಾಕಿದ ಪ್ಲಮ್ ಕೇಕು ದೊಡ್ಡವರಿಗೇ ಇರಲಿ. ಗೋದಲಿಗೆ ರಾಗಿ ಪೈರು ಬೇಕೆಂದು 23ಕ್ಕೆ ಬಿತ್ತಿದರೆ ಹಬ್ಬಕ್ಕೆ ಹಸಿರು ಏಳುವುದಿಲ್ಲ. ಅದಕ್ಕಾಗಿ ಪೇಟೆ ಸುತ್ತಬೇಡಿ, ಕೊಟ್ಟಿಗೆಯ ಒಣಹುಲ್ಲು ಹಾಸಿದರೆ ಸಾಕು.

ಮನೆಗೆ ಬಂದ ಕೂಡಲೇ ಚೀಲಗಳನ್ನು ನೆಲದ ಮೇಲಿಟ್ಟು ಕಾಫಿಗೆ ಕೂರಬೇಡಿ. ಅಂಗಿಯ ಗುಂಡುಸೂಜಿ, ಚೀಟಿಯ ಪ್ಲಾಸ್ಟಿಕ್ ದಾರ, ಶೂ ಡಬ್ಬಿಯೊಳಗಿನ ಸಿಲಿಕಾ ಪೊಟ್ಟಣ, ಊದದ ಬಲೂನು, ಪ್ಲಾಸ್ಟಿಕ್ ಕವರು ಇಷ್ಟನ್ನು ಮೊದಲು ಬೇರೆ ಮಾಡಿ ಅಟ್ಟಕ್ಕೋ ಕಸಕ್ಕೋ ಹಾಕಿ. ಬಸ್ಸಿನಲ್ಲಿ ಮಲಗಿದ ಮಗು ಏಳುವುದು ಸರಿಯಾಗಿ ಆ ಹೊತ್ತಿಗೇ.