ಆ ಮೀನು ಬರ್ನಾರ್ಡ್ ಷಾ ಹಿಡಿದದ್ದಲ್ಲ

ಪ್ರಶ್ನೆ: ಜಿ-ಎಚ್-ಓ-ಟಿ-ಐ ಎಂದು ಬರೆದು ‘ಫಿಷ್’ ಎಂದು ಓದಬಹುದೆಂದು ಬರ್ನಾರ್ಡ್ ಷಾ ತೋರಿಸಿಕೊಟ್ಟರಂತೆ. ಹಾಗಾದರೆ ಇಂಗ್ಲಿಷ್ ಸ್ಪೆಲಿಂಗಿಗೆ ನಿಯಮವೇ ಇಲ್ಲವೇ?

ಉತ್ತರ: ಈ ಮೀನು ವರ್ಷಕ್ಕೆ ನಾಲ್ಕು ಬಾರಿಯಾದರೂ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ. ಪ್ರತಿ ಸಲವೂ ಷಾ ಅವರ ಹೆಸರಿನ ಚೀಟಿ ಅಂಟಿಸಿಕೊಂಡೇ ಬರುತ್ತದೆ.

ಲೆಕ್ಕ ನಿಮಗೆ ಗೊತ್ತೇ ಇದೆ: ‘ರಫ್’ನ ಜಿ-ಎಚ್, ‘ವಿಮೆನ್’ನ ಓ, ‘ನೇಷನ್’ನ ಟಿ-ಐ. ಮೊದಲು ಷಾ ಅವರನ್ನು ಬಿಡಿಸಿಕೊಳ್ಳೋಣ. ಪ್ರಕಾಶಕ ಚಾರ್ಲ್ಸ್ ಓಲಿಯರ್ 1855ರ ಡಿಸೆಂಬರಿನಲ್ಲಿ ಕವಿ ಲೀ ಹಂಟ್‌ಗೆ ಬರೆದ ಕಾಗದದಲ್ಲಿಯೇ ಈ ತಮಾಷೆ ಇದೆ. ಇದು ತನ್ನ ಮಗ ವಿಲಿಯಂನ ಕರಾಮತ್ತು ಎಂದೂ ಅವನು ಹೇಳಿಕೊಂಡಿದ್ದಾನೆ. ಷಾ ಹುಟ್ಟಿದ್ದು 1856ರ ಜುಲೈನಲ್ಲಿ. ತಾಯಿಯ ಹೊಟ್ಟೆಯಲ್ಲಿದ್ದುಕೊಂಡೇ ವಿದ್ಯೆ ಕಲಿಯಲು ಅವರೇನು ಅಭಿಮನ್ಯುವೇ? ಬದುಕಿಡೀ ಸ್ಪೆಲಿಂಗಿನ ಮೇಲೆ ಜಗಳವಾಡಿ, ಹೊಸ ಲಿಪಿಗಾಗಿ ಉಯಿಲಿನಲ್ಲಿ ಹಣವನ್ನೂ ಎತ್ತಿಟ್ಟವರು ಅವರು. ಹೀಗಾಗಿ ಊರಿನ ಸ್ಪೆಲಿಂಗ್ ಜೋಕುಗಳೆಲ್ಲ ಅವರ ಖಾತೆಗೆ ಜಮೆಯಾದವು.

ಇನ್ನು ಮೀನಿನ ಮುಳ್ಳು ಬಿಡಿಸೋಣ. ಪದದ ಮೊದಲಿಗೆ ಬಂದ ಜಿ-ಎಚ್ ಎಂದೂ ‘ಫ’ ಆಗುವುದಿಲ್ಲ. ನಮ್ಮ ತುಪ್ಪ ಇಂಗ್ಲಿಷಿನಲ್ಲಿ ‘ಘೀ’. ಅದನ್ನು ‘ಫೀ’ ಎಂದು ಓದಿದವರನ್ನು ನೀವು ಕಂಡಿದ್ದೀರಾ? ಟಿ-ಐ ‘ಷ’ ಆಗಬೇಕಾದರೆ ಅದರ ಬೆನ್ನಿಗೆ ಇನ್ನೊಂದು ಸ್ವರ ಬೇಕು. ಕೊನೆಯಲ್ಲಿ ಒಂಟಿಯಾಗಿ ನಿಂತರೆ ‘ಗ್ರಾಫಿಟಿ’ಯಲ್ಲಿರುವಂತೆ ‘ಟಿ’ಯೇ. ಓ ಎಂಬುದು ‘ಇ’ ಆಗುವುದಂತೂ ‘ವಿಮೆನ್’ ಒಂದರಲ್ಲಿ. ಇಂಗ್ಲಿಷ್ ಬಲ್ಲವರ ಮುಂದೆ ಆ ಐದು ಅಕ್ಷರಗಳನ್ನು ಇಟ್ಟುನೋಡಿ, ತಡವರಿಸದೆ ‘ಗೋಟಿ’ ಎನ್ನುತ್ತಾರೆ. ನಿಯಮವಿಲ್ಲದಿದ್ದರೆ ಎಲ್ಲರೂ ಒಂದೇ ರೀತಿ ಓದುವುದು ಹೇಗೆ?

ಜಿ-ಎಚ್ ಬಂದದ್ದಕ್ಕೂ ಕಾರಣವಿದೆ. ಹಿಂದೆ ‘ನೈಟ್’ ಎನ್ನುವಾಗ ಗಂಟಲನ್ನು ಉಜ್ಜಿ ಬರುವ ಒಂದು ಸದ್ದಿತ್ತು. ಜರ್ಮನರ ‘ನಾಖ್ಟ್’ನಲ್ಲಿ ಅದು ಇಂದಿಗೂ ಕೇಳುತ್ತದೆ. ‘ನೈಟ್’ನಲ್ಲಿ ಆ ಸದ್ದು ಸತ್ತಿತು, ‘ರಫ್’, ‘ಲಾಫ್’ಗಳ ಕೊನೆಯಲ್ಲಿ ‘ಫ’ ಆಗಿ ಬದುಕಿತು. ಬರವಣಿಗೆ ಮಾತ್ರ ಕದಲಲಿಲ್ಲ.

ಹಾಗಾದರೆ ‘ಗೋಸ್ಟ್’ಗೆ ಎಚ್ ಏಕೆ? ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹಳೆಯ ಇಂಗ್ಲಿಷಿನ ದೆವ್ವಕ್ಕೆ ಎಚ್ ಇರಲಿಲ್ಲ. 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ ಕ್ಯಾಕ್ಸ್ಟನ್ ಅದಕ್ಕೆ ಮೊದಲು ಬಹುಕಾಲ ಬ್ರೂಜ್ ನಗರದಲ್ಲಿದ್ದವನು. ಅಲ್ಲಿನ ಫ್ಲೆಮಿಷ್ ದೆವ್ವಕ್ಕೆ ಎಚ್ ಇತ್ತು. ಅದೇ ಅವನ ಪುಸ್ತಕಗಳ ಮೂಲಕ ಇಂಗ್ಲಿಷಿಗೆ ಬಂದಿತೆಂದು ವಿದ್ವಾಂಸರ ಅಂದಾಜು. ಒಟ್ಟಿನಲ್ಲಿ ದೆವ್ವವನ್ನೇ ಒಂದು ಅಕ್ಷರ ಮೆಟ್ಟಿಕೊಂಡಿತು.

‘ನಮ್ಮದು ಬರೆದಂತೆ ಓದುವ ಭಾಷೆ’ ಎಂದು ಎದೆಯುಬ್ಬಿಸುವವರಿಗೆ ನಾನು ಹಲಗೆಯ ಮೇಲೆ ‘ಚಿಹ್ನೆ’ ಎಂದು ಬರೆದು ಓದಲು ಹೇಳುತ್ತೇನೆ. ಹಕಾರ ಮುಂದೆ ನಿಂತಿದ್ದರೂ ಅವರ ನಾಲಿಗೆ ಮೊದಲು ಕರೆಯುವುದು ನಕಾರವನ್ನೇ.